ಇಲ್ಲೇನ್ ಬ್ಯಾರೆನಾ ಸಾರ್?

ಭಾನುವಾರದಿಂದ ನಮ್ಮ ಭಾವನ ಮುಖ ಸರಿಯಿಲ್ಲ. ಕಾರಣ, ಹೋಟೆಲಿನ ಸಪ್ಲೈಯರ್ ಒಬ್ಬರು ಕೇಳಿದ ಒಂದು ಪ್ರಶ್ನೆ. ಕೇಳಿದವರು ಆಗಲೇ ಮರೆತಿರುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಅದಿನ್ನೂ ಮುಗಿದಿಲ್ಲ.

ಅಕ್ಕನ ಮಗಳು ಎಂಎಸ್ ಮಾಡೋಕೆ ಅಮೆರಿಕದ ಡಲ್ಲಾಸ್‌ಗೆ ಹೊರಟಿದ್ದಾಳೆ. ಎಲ್ಲರೂ ಒಟ್ಟಿಗೆ ಒಂದು ಊಟ ಮಾಡೋಣ ಅಂತ ಮೈಸೂರಿನ ಸರಸ್ವತಿಪುರಂ ಕಡೆ ಒಂದು ಹೋಟೆಲಿಗೆ ಹೋಗಿದ್ದೆವು. ಭಾವನ ಅಣ್ಣನ ಮಗನೂ ಬಂದಿದ್ದ. ಅವನು ಡಲ್ಲಾಸ್‌ನಲ್ಲೇ ಇರೋದು, ರಜೆಗೆ ಬಂದಿದ್ದಾನೆ. ಒಳ್ಳೆ ಹುಡುಗ, ಆದರೆ ತನಗೆ ಗೊತ್ತಿರೋದನ್ನ ನಮ್ಮೆಲ್ಲರ ತಲೆಗೂ ತುಂಬದೆ ಬಿಡೋನಲ್ಲ. ಊಟ ಬರೋದಕ್ಕೆ ಮುಂಚೆಯೇ ಟಿಶ್ಯೂ ಪೇಪರ್ ಬಿಡಿಸಿ ಪೆನ್ನು ತೆಗೆದ.

'ಮೆನುವಲ್ಲಿ 20 ಡಾಲರ್ ಅಂತ ಇದ್ರೆ 20 ಅಂತ ತಿಳ್ಕೋಬೇಡ. ಅಲ್ಲಿ ತೆರಿಗೆ ಸೇರಿಸಿ ಬೆಲೆ ಬರೆಯಲ್ಲ. ಡಲ್ಲಾಸ್‌ನಲ್ಲಿ ಎಂಟೂಕಾಲು ಪರ್ಸೆಂಟ್. ಅದು 1.65 ಆಯ್ತಾ. ಅದರ ಮೇಲೆ 20 ಪರ್ಸೆಂಟ್ ಟಿಪ್ಸು, 4 ಡಾಲರ್. ಎಲ್ಲ ಸೇರಿ 25.65.' ಅಂದರೆ 20ರ ಊಟಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಮೇಲೆ ಕೊಟ್ಟು ಬರಬೇಕು. ಆಮೇಲೆ ಬಿಲ್ಲು ಹೇಗಿರುತ್ತೆ ಅಂತ ಬರೆದು ತೋರಿಸಿದ. ಕಾರ್ಡು ಒಳಗೆ ತಗೊಂಡು ಹೋಗ್ತಾರಂತೆ, ಉಜ್ಜಿ ಒಂದು ಚೀಟಿ ತಂದು ಕೊಡ್ತಾರಂತೆ. ಅದರಲ್ಲಿ ಟಿಪ್ಸಿಗೆ ಒಂದು ಖಾಲಿ ಗೆರೆ, ಅದರ ಕೆಳಗೆ ಒಟ್ಟು ಮೊತ್ತಕ್ಕೆ ಇನ್ನೊಂದು ಖಾಲಿ ಗೆರೆ, ಅದರ ಕೆಳಗೆ ಸಹಿ. ನಾವೇ ಬರೆದು, ನಾವೇ ಕೂಡಿಸಿ, ಸಹಿ ಹಾಕಿ ಟೇಬಲ್ ಮೇಲೆ ಬಿಟ್ಟು ಎದ್ದು ಬರೋದು. ದುಡ್ಡು ಆಮೇಲೆ ಕಾರ್ಡಿನಿಂದ ಹೋಗುತ್ತೆ. ಪಿನ್ ಇಲ್ಲ, ಓಟಿಪಿ ಇಲ್ಲ. ಅಕ್ಕನಿಗೆ ಟಿಪ್ಸಿಗಿಂತ ಇದೇ ದೊಡ್ಡ ಆಘಾತ. 'ಕಾರ್ಡು ಒಳಗೆ ತಗೊಂಡು ಹೋಗೋದಾ? ನೀನೂ ಜೊತೆಗೇ ಹೋಗು' ಅಂತ ಮಗಳಿಗೆ ಹೇಳಿದಳು.

ಭಾವನಿಗೆ ಚೀಟಿಯೆಲ್ಲ ಬೇಡ. ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ಯೂನಿಯನ್ ಮಾಡಿಕೊಂಡು ಸರ್ವಿಸ್ ಮುಗಿಸಿದವರು. ಸಂಬಳ ಅಂದ ತಕ್ಷಣ ಕಿವಿ ನೆಟ್ಟಗಾಗುತ್ತೆ. 'ಕೊಡದೆ ಇದ್ರೆ ಏನಾಗುತ್ತೆ?' ಅಂದರು.

'ಕಾನೂನು ಪ್ರಕಾರ ಏನೂ ಆಗಲ್ಲ ಚಿಕ್ಕಪ್ಪ. ಆದ್ರೆ ಬಡಿಸೋ ಹುಡುಗಿಗೆ ಹೋಟೆಲಿನವನು ಗಂಟೆಗೆ 2 ಡಾಲರ್ 13 ಸೆಂಟ್ ಕೊಟ್ರೆ ಸಾಕು ಅಂತ ರೂಲ್ ಇದೆ. ಬಾಕಿದು ಟಿಪ್ಸಲ್ಲೇ ಬರಬೇಕು.'

ಇದು ಸುಳ್ಳಲ್ಲ. ಮನೆಗೆ ಬಂದ ಮೇಲೆ ನಾನೂ ನೋಡಿದೆ. ಟಿಪ್ಸು ಸಿಗುವ ಕೆಲಸದವರಿಗೆ ಅಮೆರಿಕದ ಕೇಂದ್ರ ಕಾನೂನು ಇಟ್ಟಿರುವ ಕನಿಷ್ಠ ನಗದು ಸಂಬಳ ಗಂಟೆಗೆ 2.13 ಡಾಲರ್. 1991ರಿಂದ ಬದಲಾಗಿಲ್ಲ. ಡಲ್ಲಾಸ್ ಇರೋ ಟೆಕ್ಸಾಸ್ ರಾಜ್ಯ ಅದನ್ನೇ ಹಿಡಿದುಕೊಂಡಿದೆ. ಟಿಪ್ಸೂ ಸೇರಿ ಮಾಮೂಲಿ ಕನಿಷ್ಠ ಸಂಬಳವಾದ ಗಂಟೆಗೆ 7.25 ಡಾಲರ್ ಮುಟ್ಟದಿದ್ದರೆ ಮಾಲೀಕ ಕೈಯಿಂದ ತುಂಬಿಕೊಡಬೇಕು. ಕ್ಯಾಲಿಫೋರ್ನಿಯಾದಂಥ ಕೆಲವು ಕಡೆ ಈ ರಿಯಾಯಿತಿಯೇ ಇಲ್ಲ, ಪೂರ್ತಿ ಕನಿಷ್ಠ ಸಂಬಳ ಕೊಡಲೇಬೇಕು. ತಮಾಷೆ ಅಂದ್ರೆ ಅಲ್ಲೂ ಟಿಪ್ಸು 20 ಪರ್ಸೆಂಟೇ ನಿರೀಕ್ಷೆ ಮಾಡ್ತಾರೆ. ಹಾಗಾಗಿ ಸಂಬಳ ಕಮ್ಮಿ, ಅದಕ್ಕೇ ಟಿಪ್ಸು ಅನ್ನೋ ಲೆಕ್ಕ ಪೂರ್ತಿ ಕೂಡಿ ಬರಲ್ಲ.

ಭಾವನಿಗೆ ಅಷ್ಟೇ ಸಾಕಾಯಿತು. ಕೈ ಎತ್ತಿ, ಪಕ್ಕದ ಟೇಬಲ್ಲಿಗೂ ಕೇಳೋ ಹಾಗೆ, 'ಅಂದ್ರೆ ಸಾಹುಕಾರ ಕೊಡಬೇಕಾದ ಸಂಬಳ ಗಿರಾಕಿ ಕೊಡಬೇಕು! ಏನ್ ದೇಶಾನೋ ಅದು!' ಅಂದರು.

ಅದೇ ಹೊತ್ತಿಗೆ ಸಪ್ಲೈಯರ್ ನೀರಿನ ಜಗ್ಗು ಹಿಡಿದು ಭಾವನ ಲೋಟಕ್ಕೆ ಬಗ್ಗಿದ್ದರು. ಐವತ್ತು ದಾಟಿದವರು, ಆಮೇಲೆ ಮಾತಾಡಿದಾಗ ಗೊತ್ತಾಯಿತು, ಕೆ.ಆರ್. ಪೇಟೆ ಕಡೆಯವರು. ಲೋಟ ತುಂಬಿಸಿದರು. ಜಗ್ಗಿನ ಮೂತಿಯನ್ನು ಹೆಗಲ ಮೇಲಿನ ಬಟ್ಟೆಯಲ್ಲಿ ಒರೆಸಿದರು. ನಕ್ಕರು. 'ಇಲ್ಲೇನ್ ಬ್ಯಾರೆನಾ ಸಾರ್?' ಅಂದು ಮುಂದಿನ ಟೇಬಲ್ಲಿಗೆ ಹೋದರು.

ಚುಚ್ಚೋಕೆ ಹೇಳಿದ್ದಲ್ಲ. ಚುಚ್ಚೋರು ಹಾಗೆ ನಗಲ್ಲ. ಮಳೆ ಬರೋ ಹಾಗಿದೆ ಅಲ್ವಾ ಅನ್ನೋ ಧಾಟಿಯಲ್ಲೇ ಹೇಳಿದರು. ಆದರೆ ಮೂವತ್ತು ವರ್ಷ ಕಾರ್ಮಿಕರ ಪರ ಘೋಷಣೆ ಕೂಗಿದ ಮನುಷ್ಯನಿಗೆ ಆ ನಗು ನಾಟಿಬಿಟ್ಟಿತು. ಆಮೇಲೆ ಹೋಳಿಗೆ ಬಂದರೂ ಭಾವ ತುಪ್ಪ ಕೇಳಲಿಲ್ಲ. ಅದೇ ದೊಡ್ಡ ವಿಷಯ.

ಮಾತು ಬದಲಾಯಿಸಬೇಕು ಅಂತ ಡಲ್ಲಾಸ್ ಹುಡುಗ ತನ್ನ ಪಾಠ ಮುಂದುವರಿಸಿದ. ತಂಗಿಗೆ ಹೇಳಿದ್ದರಲ್ಲಿ ಕೆಲವು ನಿಜಕ್ಕೂ ಉಪಯೋಗಕ್ಕೆ ಬರುವಂಥವು. ಕೂತು ತಿನ್ನೋ ಕಡೆ ಕೊಡಲೇಬೇಕು. ಕೌಂಟರಿನಲ್ಲಿ ನಿಂತು ಕಾಫಿ ತಗೊಂಡರೂ ಸ್ಕ್ರೀನ್ ತಿರುಗಿಸಿ 18, 20, 25 ಅಂತ ತೋರಿಸ್ತಾರೆ, ಅಲ್ಲಿ ಬೇಡ ಅಂತ ಒತ್ತಿದರೆ ಯಾರೂ ಏನೂ ಅನ್ನಲ್ಲ, ಹಿಂದೆ ನಿಂತವರ ಕಣ್ಣು ಬೆನ್ನು ಸುಡುತ್ತೆ ಅಷ್ಟೆ. ದೊಡ್ಡ ಗುಂಪಾಗಿ ಹೋದರೆ ಕೆಲವು ಕಡೆ 18 ಪರ್ಸೆಂಟು ಅವರೇ ಬಿಲ್ಲಿಗೆ ಸೇರಿಸಿರ್ತಾರೆ, ನೋಡದೆ ಇನ್ನೊಂದು ಸಲ ಬರೆದುಬಿಡಬೇಡ ಅಂದ. ಕೂದಲು ಕತ್ತರಿಸೋರಿಗೆ, ಟ್ಯಾಕ್ಸಿಗೆ, ಮನೆಗೆ ಊಟ ತರೋರಿಗೆ ಕೊಡಬೇಕು. ಪೊಲೀಸರಿಗೆ ಅಪ್ಪಿತಪ್ಪಿಯೂ ಜೇಬಿಗೆ ಕೈ ಹಾಕಬಾರದು, ಒಳಗೆ ಹಾಕ್ತಾರೆ. ಪೋಸ್ಟ್‌ಮ್ಯಾನ್‌ಗೆ ನಗದು ಕೊಡೋ ಹಾಗಿಲ್ಲ, 20 ಡಾಲರ್ ಒಳಗಿನ ಸಣ್ಣ ಉಡುಗೊರೆ ಆದರೆ ತಗೋಬಹುದಂತೆ. ಇದು ಕೇಳಿ ಅಕ್ಕ ಸುಮ್ನಿರಲಿಲ್ಲ. ಆಯುಧಪೂಜೆಗೆ ಬರೋ ಪೋಸ್ಟ್‌ಮ್ಯಾನ್, ಲೈನ್‌ಮ್ಯಾನ್, ಕಸದ ಗಾಡಿಯವರು ಎಲ್ಲರಿಗೂ ಬೂದುಗುಂಬಳ ಒಡೆಯೋ ಮುಂಚೆಯೇ ಇನಾಮು ತೆಗೆದಿಟ್ಟಿರೋಳು ಅವಳು. 'ಹಬ್ಬಕ್ಕೂ ಕೊಡೋ ಹಾಗಿಲ್ವಾ? ಅದೆಂಥ ಬಾಳು!'

ದೇಶಕ್ಕೊಂದು ನಿಯಮ ಬೇರೆ. ಜಪಾನಿನಲ್ಲಿ ಟೇಬಲ್ ಮೇಲೆ ದುಡ್ಡು ಬಿಟ್ಟು ಬಂದರೆ ಮರೆತು ಹೋದಿರಿ ಅಂತ ಹಿಂದೆಯೇ ಓಡಿ ಬಂದು ಕೊಟ್ಟುಹೋಗ್ತಾರೆ. ಜರ್ಮನಿಯಲ್ಲಿ ಪರ್ಸೆಂಟಿನ ತಲೆನೋವು ಅಷ್ಟಿಲ್ಲ. ಬಿಲ್ಲು ಕೊಡುವಾಗಲೇ ಚೂರು ಮೇಲಕ್ಕೆ ಸೇರಿಸಿ 'ಇಷ್ಟು ತಗೊಳ್ಳಿ' ಅಂತ ಬಾಯಲ್ಲಿ ಹೇಳಿದರೆ ಮುಗಿಯಿತು.

ಆದರೆ ಅಕ್ಕನಿಗೆ ನಿಜಕ್ಕೂ ನೋವಾಗಿದ್ದು ಟಿಪ್ಸಿನ ವಿಷಯಕ್ಕಲ್ಲ. ಅಲ್ಲಿ ಯಾರಾದರೂ 'ಊಟಕ್ಕೆ ಹೋಗೋಣ ಬಾ' ಅಂದರೆ ಅವರೇ ಕೊಡ್ತಾರೆ ಅಂತ ಅರ್ಥ ಅಲ್ಲ, ನಿನ್ನದು ನೀನು ಕೊಡಬೇಕು ಅಂತ ಆ ಹುಡುಗ ಹೇಳಿದ. ರೂಮ್‌ಮೇಟ್ ಒಬ್ಬ ಹಾಲಿನ ಪಾಲು 3 ಡಾಲರಿಗೆ ಫೋನಿನಲ್ಲಿ ರಿಕ್ವೆಸ್ಟ್ ಕಳಿಸ್ತಿದ್ದನಂತೆ. ಬಾಡಿಗೆ ಎಷ್ಟು, ಸಂಬಳ ಎಷ್ಟು ಅಂತ ಪರಿಚಯ ಆದ ದಿನವೇ ಕೇಳಬಾರದಂತೆ. ನಮ್ಮೂರಲ್ಲಿ ಆಟೋ ಹತ್ತಿ ಕುವೆಂಪುನಗರ ತಲುಪೋಷ್ಟರಲ್ಲಿ ಡ್ರೈವರ್ ಮಗನ ಸಂಬಳ ನಮಗೆ, ನಮ್ಮ ಸೈಟಿನ ರೇಟು ಅವರಿಗೆ ಗೊತ್ತಾಗಿರುತ್ತೆ. ಅಕ್ಕ ಮುಖ ಸಿಂಡರಿಸಿ, 'ಹಾಲಿಗೆ ಲೆಕ್ಕ ಹಾಕೋರ ಜೊತೆ ಒಂದೇ ಮನೇಲಿ ಹೇಗೆ ಇರ್ತೀಯೇ' ಅಂದಳು.

ಅದಕ್ಕೆ ಹುಡುಗಿ ತಟ್ಟೆಯಿಂದ ತಲೆ ಎತ್ತದೆ ಹೇಳಿದ್ದು: 'ಮತ್ತೆ ಅಜ್ಜಿ ಬೀರುವಲ್ಲಿರೋ ಮುಯ್ಯಿ ಪುಸ್ತಕ ಏನಮ್ಮ?'

ಸರಿಯಾಗಿ ಹಿಡಿದಳು. ಭಾವನ ಊರು ಮಂಡ್ಯದ ಹತ್ತಿರ. ಅಲ್ಲಿ ಮದುವೆಯಲ್ಲಿ ಛತ್ರದ ಬಾಗಿಲ ಹತ್ತಿರ ಒಬ್ಬರು ಮೇಜು ಹಾಕಿಕೊಂಡು ಕೂತಿರ್ತಾರೆ. ಹೆಸರು, ಊರು, 501, 1001. ನಾಳೆ ಆ ಮನೆಯಲ್ಲಿ ಮದುವೆ ಬಂದರೆ ಪುಸ್ತಕ ತೆಗೆದು ನೋಡಿ ಅದಕ್ಕಿಂತ ಚೂರು ಮೇಲೆ ಹಾಕಿ ಕೊಡೋದು. ಇಪ್ಪತ್ತು ವರ್ಷ ಆದರೂ ಮರೆಯೋ ಹಾಗಿಲ್ಲ. ಕಮ್ಮಿ ಹಾಕಿದರೆ ಮೂರು ಊರಿಗೆ ಗೊತ್ತಾಗುತ್ತೆ. ಅಕ್ಕ 'ಅದು ಬೇರೆ' ಅಂದು ಮಜ್ಜಿಗೆ ಕುಡಿದಳು.

ಬಿಲ್ಲು ಬಂತು. ಬಿಲ್ಲಿಗೆ ಭಾವನೂ ಅವರ ಅಣ್ಣನ ಮಗನೂ ಕಿತ್ತಾಡಿದರು, ಇದಂತೂ ನಮ್ಮಲ್ಲಿ ಆಗಲೇಬೇಕು, ಇಲ್ಲದಿದ್ದರೆ ಊಟ ಮಾಡಿದ ಹಾಗೇ ಅಲ್ಲ. ಡಲ್ಲಾಸ್ ಹುಡುಗ ಗೆದ್ದ. ಗಲ್ಲಾದ ಹತ್ತಿರ ಹೋಗಿ ಫೋನು ಹಿಡಿದು ಸ್ಕ್ಯಾನ್ ಮಾಡಿ, ಜಿಎಸ್‌ಟಿ ಸೇರಿ ಬಿಲ್ಲಿನಲ್ಲಿ ಎಷ್ಟಿತ್ತೋ ಅಷ್ಟನ್ನೇ ಒತ್ತಿದ. ಒಂದು ಗಂಟೆ 20 ಪರ್ಸೆಂಟಿನ ಪಾಠ ಮಾಡಿದವನು! ನಾನು ನೋಡಿದ್ದು ಅವನಿಗೂ ಗೊತ್ತಾಯಿತು. 'ಇಲ್ಲಿ ಯಾರೂ ಕೊಡಲ್ಲ ಅಲ್ವಾ ಚಿಕ್ಕಮ್ಮ' ಅಂದ. ಅವನನ್ನೊಬ್ಬನನ್ನೇ ಬಯ್ಯೋದೂ ನ್ಯಾಯ ಅಲ್ಲ. ಮೊದಲು ಬಿಲ್ಲು ಸೋಂಪಿನ ತಟ್ಟೆಯಲ್ಲಿ ಬರೋದು, ಚಿಲ್ಲರೆ ಅದೇ ತಟ್ಟೆಯಲ್ಲಿ ವಾಪಸ್ ಬರೋದು, ಅದರಲ್ಲಿ ಹತ್ತೋ ಇಪ್ಪತ್ತೋ ಬಿಟ್ಟು ಏಳ್ತಿದ್ದೆವು. ಕೊಟ್ಟೆವು ಅನ್ನೋದೂ ಗೊತ್ತಾಗ್ತಿರಲಿಲ್ಲ. ಈಗ ಚಿಲ್ಲರೆಯೇ ಬರಲ್ಲ. ಸ್ಕ್ಯಾನ್ ಮಾಡಿದ್ದು ನೇರ ಮಾಲೀಕರ ಖಾತೆಗೆ. ಅಮೆರಿಕದಲ್ಲಿ ಸ್ಕ್ರೀನು ಬಂದ ಮೇಲೆ ಟಿಪ್ಸು ಕೇಳೋ ಜಾಗ ಜಾಸ್ತಿ ಆಯಿತು, ನಮ್ಮಲ್ಲಿ ಸ್ಕ್ರೀನು ಬಂದ ಮೇಲೆ ಟಿಪ್ಸೇ ಮಾಯ ಆಗ್ತಿದೆ. ಯಾರೂ ಇದಕ್ಕೆ ಸಭೆ ಸೇರಿಸಲಿಲ್ಲ, ಯಾರೂ ನಿಲ್ಲಿಸೋಣ ಅನ್ನಲಿಲ್ಲ.

ಸರ್ವಿಸ್ ಚಾರ್ಜ್ ವಿಷಯಕ್ಕಾದರೆ ಗಲಾಟೆ ಆಯಿತು. ಗಿರಾಕಿಯನ್ನು ಕೇಳದೆ ಬಿಲ್ಲಿಗೆ ಸೇರಿಸಬಾರದು ಅಂತ 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿತು. ಹೋಟೆಲಿನವರು ಕೋರ್ಟಿಗೆ ಹೋದರು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಸರಿಯಾದದ್ದೇ, ನನಗೂ ಬಲವಂತದ ವಸೂಲಿ ಇಷ್ಟ ಇಲ್ಲ. ಆದರೆ ಕೊಡಬೇಡಿ ಅನ್ನೋ ಸುದ್ದಿ ಮನೆಮನೆಗೆ ಮುಟ್ಟಿದ ಹಾಗೆ, ಬಡಿಸೋರಿಗೆ ತಿಂಗಳಿಗೆ ಎಷ್ಟು ಬರುತ್ತೆ ಅನ್ನೋದು ಯಾಕೆ ಮುಟ್ಟಲ್ಲ?

ಹೊರಡುವಾಗ ಭಾವ ಆ ಸಪ್ಲೈಯರನ್ನು ಹುಡುಕಿಕೊಂಡು ಹೋಗಿ ನೇರವಾಗಿ ಸಂಬಳ ಕೇಳಿದರು. ಡಲ್ಲಾಸ್‌ನಲ್ಲಿ ಕೇಳಬಾರದ ಪ್ರಶ್ನೆ. ಅವರೂ ಬೇಜಾರಿಲ್ಲದೆ ಹೇಳಿದರು. ಮೊತ್ತ ಇಲ್ಲಿ ಬರೆಯಲ್ಲ, ಅದು ಅವರ ಮನೆ ವಿಷಯ. ಊಟ, ರೂಮು ಹೋಟೆಲಿನದ್ದೇ, ಟಿಪ್ಸು ಬಂದರೆ ಒಂದು ಡಬ್ಬಿಗೆ ಹಾಕಿ ಅಡುಗೆಮನೆಯವರ ಜೊತೆ ಹಂಚಿಕೊಳ್ತಾರೆ. 'ಒಳಗೆ ಬೇಯ್ಸೋರ್ಗೂ ಸೇರ್ಬೇಕಲ್ಲ ಸಾರ್.' ಭಾವ ಪರ್ಸು ತೆಗೆದರು. ಐನೂರರ ನೋಟು ಬಿಟ್ಟರೆ ಬೇರೇನೂ ಇರಲಿಲ್ಲ. ಎಟಿಎಂ ಕೊಟ್ಟಿದ್ದೇ ಅದು. ನೋಟು ಅರ್ಧ ಹೊರಗೆ ಬಂತು, ನಿಂತಿತು. ಅಕ್ಕ ಬ್ಯಾಗಿನಿಂದ ನೂರು ತೆಗೆದು ಕೊಟ್ಟು ಆ ಸಂಕಟ ಮುಗಿಸಿದಳು.

ಭಾವ ಇನ್ನೂ ಒಪ್ಪಿಲ್ಲ. ಮನೆಯ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಒಂದೊಂದು ವಾದ ಹಾಕ್ತಾರೆ: ಸಂಬಳ ಜಾಸ್ತಿ ಮಾಡಲಿ, ಬೇಕಾದರೆ ದೋಸೆಗೆ ಹತ್ತು ರೂಪಾಯಿ ಏರಿಸಲಿ, ಟಿಪ್ಸು ಅನ್ನೋದೇ ಬೇಡ. ನನಗೂ ಅದೇ ಸರಿ ಅನ್ನಿಸುತ್ತೆ. ಆದರೆ ಹತ್ತು ರೂಪಾಯಿ ಏರಿಸಿದ ದಿನ ಮೊದಲು ಗಲ್ಲಾದ ಹತ್ತಿರ ಹೋಗಿ ಜಗಳ ಆಡೋದು ಇದೇ ಭಾವ. ಹುಡುಗಿಗೆ ಇದ್ಯಾವುದಕ್ಕೂ ಪುರುಸೊತ್ತಿಲ್ಲ. ಶನಿವಾರ ಸ್ನೇಹಿತೆಯರಿಗೆ ಅದೇ ಹೋಟೆಲಿನಲ್ಲಿ ಊಟ ಇಟ್ಟುಕೊಂಡಿದ್ದಾಳೆ. ಎಷ್ಟಾಗುತ್ತೆ, ಯಾರದು ಎಷ್ಟು ಅಂತ ಆ್ಯಪಿನಲ್ಲಿ ಈಗಲೇ ಹಂಚಿಕೊಂಡೂ ಆಗಿದೆ, ಸಪ್ಲೈಯರಿಗೆ ಅಂತ ಒಂದು ಪಾಲು ಸೇರಿಸಿ. ಅಕ್ಕನಿಗೆ ಇನ್ನೂ ಹೇಳಿಲ್ಲ. ಕರೆದವಳೇ ಕೊಡಬೇಕು ಅಂತ ಅವಳು ಆಗಲೇ ಮಗಳ ಕೈಗೆ ದುಡ್ಡು ಕೊಟ್ಟಿದ್ದಾಳೆ.