ಗೇಜಿನ ಮುಳ್ಳು ಮತ್ತು ಗ್ರೌಂಡ್ ವೈರ್

ನಾನು ನನ್ನ ಕಾರಿಗೆ ಹೊಸದಾಗಿ ಕೂರಿಸಿದ್ದ ಎಂಜಿನ್ ತಾಪಮಾನದ ಗೇಜ್, ಕಾರಿನೊಳಗೆ ಗಾಳಿ ಬೀಸುವ ಬ್ಲೋವರ್ ಫ್ಯಾನನ್ನು ಜೋರಾಗಿ ತಿರುಗಿಸಿದೊಡನೆ ಏಳೆಂಟು ಡಿಗ್ರಿ ಮೇಲೇರಿ, ಫ್ಯಾನ್ ನಿಲ್ಲಿಸಿದೊಡನೆ ಕೆಳಗಿಳಿಯುತ್ತಿತ್ತು. ಎಂಜಿನ್ನಿನ ನೀರು ಅಷ್ಟು ಬೇಗ ಕಾಯುವುದೂ ಇಲ್ಲ, ತಣಿಯುವುದೂ ಇಲ್ಲ ಎಂಬುದು ಗೊತ್ತಿದ್ದರೂ ನಾನು ಮೊದಲು ಸೆನ್ಸರನ್ನು ಬದಲಾಯಿಸಿದೆ. ಮುಳ್ಳಿನ ಏರಿಳಿತ ನಿಲ್ಲಲಿಲ್ಲ. ದೋಷವಿದ್ದದ್ದು ಡ್ಯಾಶ್‌ಬೋರ್ಡಿನ ಕೆಳಗೆ, ಗೇಜಿನ ಕಪ್ಪು ಗ್ರೌಂಡ್ ವೈರನ್ನು, ಅಂದರೆ ಕರೆಂಟು ಬ್ಯಾಟರಿಗೆ ಹಿಂದಿರುಗುವ ವೈರನ್ನು, ನಾನೇ ಬಿಗಿದಿದ್ದ ಬೋಲ್ಟಿನಲ್ಲಿ; ಫ್ಯಾನಿನ ಗ್ರೌಂಡ್ ಕೂಡ ಅದೇ ಬೋಲ್ಟಿಗೆ ಬಂದಿತ್ತು.

ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಾರಿನ ಲೋಹದ ಬಾಡಿಗೂ ಎಂಜಿನ್ನಿಗೂ ಜೋಡಿಸಿರುವುದರಿಂದ ಬಹುತೇಕ ಎಲ್ಲ ಉಪಕರಣಗಳ ಕರೆಂಟು ಆ ಲೋಹದ ಮೂಲಕವೇ ಹಿಂದಿರುಗುತ್ತದೆ. ಲೋಹ ಸಿಕ್ಕಿದಲ್ಲೆಲ್ಲ ಗ್ರೌಂಡ್ ಸಿಕ್ಕಿತೆಂದು ನಾವು ಭಾವಿಸುವುದು ಇದರಿಂದಲೇ. ಆದರೆ ಪ್ರತಿಯೊಂದು ಜೋಡಣೆಗೂ ತನ್ನದೇ ರೋಧ, ಅಂದರೆ ಕರೆಂಟಿನ ಹರಿವಿಗೆ ಒಡ್ಡುವ ಅಡ್ಡಿ, ಇರುತ್ತದೆ. ಬಣ್ಣದಿಂದಲೋ ತುಕ್ಕಿನಿಂದಲೋ ಒಂದು ಬೋಲ್ಟಿನಲ್ಲಿ ಕೇವಲ 0.03 ಓಮ್ ಉಳಿದಿದ್ದು, ಅದರ ಮೂಲಕ ಫ್ಯಾನಿನ 10 ಆಂಪಿಯರ್ ಹರಿದರೆ, ಆ ಬೋಲ್ಟಿನಲ್ಲಿ 0.3 ವೋಲ್ಟ್ ಏರಿರುತ್ತದೆ. ಫ್ಯಾನಿಗೆ ಇದು ಲೆಕ್ಕಕ್ಕೇ ಬಾರದು. ಗೇಜಿಗೆ ಹಾಗಲ್ಲ. ಒಂಟಿ ವೈರಿನ ತಾಪಮಾನದ ಸೆನ್ಸರ್ ಎಂಜಿನ್ ಬ್ಲಾಕಿನಲ್ಲೇ ಗ್ರೌಂಡ್ ಆಗಿರುತ್ತದೆ, ಗೇಜ್ ಮಾತ್ರ ಈ ಬೋಲ್ಟನ್ನು ಸೊನ್ನೆಯೆಂದು ನಂಬಿ ಅಳೆಯುತ್ತದೆ. ಬಿಸಿಯೇರಿದಂತೆ ರೋಧ ಇಳಿಯುವ ಸೆನ್ಸರಿನಲ್ಲಿ ಈ ವೋಲ್ಟಿನ ಅಂತರವು, ಎಂಜಿನ್ನಿನಲ್ಲಿ ಇಲ್ಲದ ಬಿಸಿಯಾಗಿ ಕಾಣಿಸಿಕೊಳ್ಳುತ್ತದೆ. 0ರಿಂದ 5 ವೋಲ್ಟ್ ಕೊಡುವ ಪ್ರೆಷರ್ ಸೆನ್ಸರಿನಲ್ಲಾದರೆ 0.1 ವೋಲ್ಟಿನ ತಪ್ಪು ಎಂದರೆ ಇಡೀ ಅಳತೆಯ ಶೇ. 2. ಅಂಥ ಸೆನ್ಸರಿಗೆ ಪ್ರತ್ಯೇಕ ಗ್ರೌಂಡ್ ವೈರ್ ಇದ್ದರೆ ಅದನ್ನು ಹತ್ತಿರದ ಬೋಲ್ಟಿಗೆ ಬಿಗಿಯದೆ ಗೇಜಿನವರೆಗೂ ಒಯ್ಯಬೇಕು.

ಇಷ್ಟು ಸಣ್ಣ ರೋಧವನ್ನು ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ಹಿಡಿಯಲಾಗದು, ಮೀಟರಿನ ವೈರುಗಳ ರೋಧವೇ ಅದಕ್ಕಿಂತ ಹೆಚ್ಚಿರುತ್ತದೆ. ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಗೇಜಿನ ಗ್ರೌಂಡಿಗೂ ಮುಟ್ಟಿಸಿ, ಎಂಜಿನ್ ಓಡುತ್ತಿರುವಾಗ ಫ್ಯಾನ್, ಹೆಡ್‌ಲೈಟ್ ಎಲ್ಲವನ್ನೂ ಹಾಕಿ ನೋಡಬೇಕು. 0.1 ವೋಲ್ಟಿಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಸರಿ. ನನ್ನ ಕಾರಿನಲ್ಲಿ 0.3 ಬಂತು. ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಒಳ್ಳೆಯ ಸೆನ್ಸರೊಂದನ್ನು ಕಿತ್ತು ಎಸೆಯಬೇಕಾಗಿರಲಿಲ್ಲ.

ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಳಚಿ, ಬೇರೊಂದು ಜಾಗದಲ್ಲಿ ಬಣ್ಣವನ್ನು ಉಜ್ಜಿ ತೆಗೆದು, ಹೊಳೆಯುವ ಲೋಹದ ಮೇಲೆ ವೈರಿನ ತುದಿಯ ಲೋಹದ ಬಳೆಯಾದ ಲಗ್ಗನ್ನೂ ಹಲ್ಲಿನ ವಾಷರನ್ನೂ ಕೂರಿಸಿ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಸವರಿದೆ. ಎಲ್ಲ ಗೇಜುಗಳ ಗ್ರೌಂಡನ್ನೂ ಆ ಒಂದೇ ಬೋಲ್ಟಿಗೆ ತಂದೆ. ಹೆಚ್ಚು ಕರೆಂಟ್ ಎಳೆಯುವ ಯಾವುದನ್ನೂ ಅಲ್ಲಿಗೆ ಸೇರಿಸಲಿಲ್ಲ. ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗಿನ ಬೋಲ್ಟುಗಳನ್ನಂತೂ ಇದಕ್ಕೆ ಬಳಸಲೇಬಾರದು. ಬ್ಯಾಟರಿಯ ನೆಗೆಟಿವ್ ತುದಿಯಲ್ಲೇ ಕರೆಂಟ್ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ವೈರನ್ನು ನೇರವಾಗಿ ಆ ತುದಿಗೆ ಕೊಡುವುದೂ ತಪ್ಪು, ಏಕೆಂದರೆ ಆಗ ನಮ್ಮ ಉಪಕರಣದ ಕರೆಂಟು ಕಾರಿನ ಲೆಕ್ಕಕ್ಕೆ ಸಿಗುವುದಿಲ್ಲ.

ಎಲ್ಲವನ್ನೂ ಜೋಡಿಸಿ ಮತ್ತೆ ಅಳೆದಾಗ ಮೀಟರ್ 0.02 ವೋಲ್ಟ್ ತೋರಿಸಿತು. ಫ್ಯಾನನ್ನು ಪೂರ್ತಿ ತಿರುಗಿಸಿದರೂ ಮುಳ್ಳು ಕದಲಲಿಲ್ಲ.