ಟ್ರೇಲರ್ ಲಾರಿ ಗಂಟೆಗೆ 60 ಕಿ.ಮೀ. ದಾಟಿದ ಕೂಡಲೇ ನಡುಗುತ್ತಿದ್ದರೆ

ಭದ್ರಾವತಿ ಕಡೆಯ ಸಪಾಟು ರಸ್ತೆಯಲ್ಲಿ ಓಡಿಸಿ ನೋಡಿ. ಸ್ಟೇರಿಂಗ್ ಅದುರಿದರೆ ಅನುಮಾನ ಮುಂದಿನ ಚಕ್ರದ ಮೇಲೆ. ಸೀಟು, ನೆಲ ಅದುರಿದರೆ ಹಿಂದಿನ ಚಕ್ರ ಇಲ್ಲವೇ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ತಿರುಗುವಿಕೆ ಒಯ್ಯುವ ಉದ್ದನೆಯ ದಂಡ).

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮೊದಲು ಚಕ್ರದ ಡಿಸ್ಕಿನ ಒಳಮೈ ನೋಡಬೇಕು. ಕೆಮ್ಮಣ್ಣು ಒಂದೇ ಕಡೆ ಹೆಂಟೆಗಟ್ಟಿ ಒಣಗಿದ್ದರೆ ಬ್ಯಾಲೆನ್ಸ್ ಕೆಡುತ್ತದೆ. ಕೆರೆದು ತೊಳೆಯಿರಿ. ಆಮೇಲೆ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಎತ್ತಿ, ಟೈರಿನ ಪಕ್ಕ ಸೀಮೆಸುಣ್ಣ ಅಲ್ಲಾಡದಂತೆ ಹಿಡಿದು ಚಕ್ರ ತಿರುಗಿಸಿ. ಸೀಮೆಸುಣ್ಣಕ್ಕೂ ಟೈರಿಗೂ ನಡುವಿನ ಸಂದಿಯಲ್ಲಿ 3 ಮಿ.ಮೀ.ಗಿಂತ ಹೆಚ್ಚು ಏರಿಳಿತವಿದ್ದರೆ ಟೈರ್ ಬಿಚ್ಚಿ ಮತ್ತೆ ಸರಿಯಾಗಿ ಕೂರಿಸಬೇಕು.

ಇನ್ನು ಪ್ರೊಪೆಲ್ಲರ್ ಶಾಫ್ಟ್. ಅದರ ಕೀಲಿನಲ್ಲಿರುವ ಕೂಡುಗುರುತಿನಾಕಾರದ ತುಂಡೇ ಕ್ರಾಸ್; ಅದರ ತುದಿಗಳ ಕಪ್ಪಿನ ಸುತ್ತ ಕುಂಕುಮದಂಥ ತುಕ್ಕಿನ ಪುಡಿ ಕಂಡರೆ ಗ್ರೀಸ್ ಒಣಗಿ ಒಳಗಿನ ಸೂಜಿ ಬೇರಿಂಗ್ ಸವೆದಿದೆ ಎಂದೇ ಲೆಕ್ಕ. ಶಾಫ್ಟನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗಿನ ರಬ್ಬರನ್ನೂ ಒತ್ತಿ ನೋಡಿ. ಶಾಫ್ಟ್ ಬಿಚ್ಚುವ ಮೊದಲು ಸ್ಲೈಡಿಂಗ್ ಜಾಯಿಂಟಿಗೆ (ಹಲ್ಲುಗಳ ಮೇಲೆ ಹಿಂದೆ ಮುಂದೆ ಜಾರುವ ಕೂಡಿಕೆ) ಗುರುತು ಹಾಕಲೇಬೇಕು. ಒಂದು ಹಲ್ಲು ತಪ್ಪಿ ಕೂತರೂ ಕ್ರಾಸ್ ಹಿಡಿಯುವ ಕವಲಿನಂಥ ಎರಡು ಯೋಕ್ ಒಂದೇ ಸಾಲಿಗೆ ಬರುವುದಿಲ್ಲ. ಹೊಸ ಕ್ರಾಸ್ ಹಾಕಿದರೂ ನಡುಕ ಹಾಗೇ ಉಳಿಯುತ್ತದೆ.