‘ನಾನು ಎಂತದೂ ಒತ್ತಲಿಲ್ಲ’

ಈ ವಾರ ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಕೇಳಿದ ಈ ಮಾತು ಇನ್ನೂ ಕಿವಿಯಿಂದ ಹೋಗಿಲ್ಲ. ಹೇಳಿದವಳು ಅಲ್ಲಿ ಲೆಕ್ಕ ಏರಿಸುವ ಹುಡುಗಿ. ಟೆಂಡರ್ ಮುಗಿದು, ರಾಶಿ, ಚಾಲಿ, ಬೆಟ್ಟೆ ಎಲ್ಲ ಏರಿಸಿ ದಿನದ ವರದಿ ತೆಗೆಯುವ ಹೊತ್ತಿಗೆ ಪ್ರೋಗ್ರಾಂ ಬಂದ್ ಆಗುತ್ತಿತ್ತು.

“ಮತ್ತೆಂತ ಒತ್ತಿದೆ ಮಾರಾಯ್ತಿ?” ಯಜಮಾನರು ಕೇಳಿದ್ದು ದುಡ್ಡಿಗೆ ಕಾದು ಕೂತ ಬೆಳೆಗಾರರ ಎದುರೇ.

“ನಾನು ಎಂತದೂ ಒತ್ತಲಿಲ್ಲ.”

ಪ್ರೋಗ್ರಾಂ ಮಾಡಿಕೊಟ್ಟವರು ಫೋನಿನಲ್ಲಿ, ನಮ್ಮ ಲಾಗ್‌ನಲ್ಲಿ (ಪ್ರೋಗ್ರಾಂ ತನ್ನ ಆಗುಹೋಗು ಬರೆದಿಡುವ ಕಡತ) ಯಾವ ದೋಷವೂ ಇಲ್ಲ, ಬಳಸುವವರೇ ಏನೋ ಮಾಡಿದ್ದಾರೆ ಎಂದಿದ್ದರಂತೆ. ಲಾಗ್‌ನಲ್ಲಿ ಏನೂ ಇರಲಿಲ್ಲ, ನಿಜ. ಇರುವುದಾದರೂ ಹೇಗೆ? ಮೆಮೊರಿಯಲ್ಲಿ ಜಾಗ ಪೂರ್ತಿ ಮುಗಿದಾಗ ಲಿನಕ್ಸ್ ಕರ್ನಲ್, ಅಂದರೆ ಯಂತ್ರವನ್ನು ನಡೆಸುವ ವ್ಯವಸ್ಥೆಯ ತಿರುಳು, ಒಂದು ಪ್ರೊಸೆಸ್ಸನ್ನು (ಓಡುತ್ತಿರುವ ಪ್ರೋಗ್ರಾಂ) ಆರಿಸಿ 9ನೇ ಸಿಗ್ನಲ್, ಅಂದರೆ ಕೂಡಲೇ ಸಾಯುವ ಆಜ್ಞೆ, ಕಳಿಸುತ್ತದೆ. ಅದನ್ನು ಯಾವ ಪ್ರೋಗ್ರಾಮೂ ತಡೆಯುವಂತಿಲ್ಲ. ಸಾಯುವ ಮುಂಚೆ ಒಂದು ಸಾಲು ಬರೆದಿಡಲೂ ಪುರುಸೊತ್ತಿಲ್ಲ. ಬರೆಯುವುದು ಕರ್ನಲ್ ಮಾತ್ರ, ತನ್ನದೇ ಲಾಗ್‌ನಲ್ಲಿ. ಅದನ್ನು ಯಾರೂ ತೆಗೆದೇ ನೋಡಿರಲಿಲ್ಲ.

ತೆಗೆದೆ. ‘ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್’ (ಮೆಮೊರಿ ಮುಗಿಯಿತು, ಪ್ರೊಸೆಸ್ಸನ್ನು ಕೊಂದಿದೆ) ಎಂಬ ಸಾಲು, ಪಕ್ಕದಲ್ಲಿ ಲೆಕ್ಕವೆಲ್ಲ ಕೂಡಿಡುವ ಡೇಟಾಬೇಸಿನ ಹೆಸರು. ಅದು ಸತ್ತರೆ ಪ್ರೋಗ್ರಾಮೂ ಬಂದ್. ಅದಕ್ಕೂ ಮೇಲೆ, ಊಮ್ ಕಿಲ್ಲರನ್ನು (ಕರ್ನಲ್‌ನಲ್ಲಿ ಹೀಗೆ ಕೊಲ್ಲುವ ಭಾಗ) ಎಬ್ಬಿಸಿದವರು ಯಾರೆಂಬ ಸಾಲಿನಲ್ಲಿ, ಲೆಕ್ಕದ ನಕಲು ತೆಗೆದಿಡುವ ಬ್ಯಾಕಪ್ ಪ್ರೋಗ್ರಾಂ. ಅವಸರದವರು ಇಲ್ಲಿಗೇ ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಎಬ್ಬಿಸಿದ್ದೆಂದರೆ ಮೆಮೊರಿ ಮುಗಿದ ಗಳಿಗೆಯಲ್ಲಿ ಇನ್ನಷ್ಟು ಕೇಳಿದ್ದು, ಅಷ್ಟೆ. ಸತ್ತದ್ದು ಹೆಚ್ಚು ಮೆಮೊರಿ ಹಿಡಿದಿದ್ದು. ಯಾರನ್ನು ಕೊಲ್ಲಬೇಕೆಂದು ಕರ್ನಲ್ ಅಂಕ ಹಾಕುವುದೇ ಬಹುಪಾಲು ಅದರ ಮೇಲೆ. ಆ ಎರಡು ಸಾಲುಗಳ ನಡುವೆ ಆಗ ಓಡುತ್ತಿದ್ದ ಪ್ರೊಸೆಸ್‌ಗಳ ಪಟ್ಟಿಯೇ ಇರುತ್ತದೆ. ಅದರಲ್ಲಿ ವರದಿ ತೆಗೆಯುವ ಪ್ರೋಗ್ರಾಮಿನ ಹಳೆಯ ಪ್ರತಿಗಳು ಸಾಲಾಗಿ ಕೂತಿದ್ದವು: ಕೆಲಸ ಮುಗಿದರೂ ಹೊರಡದೆ, ಒಂದೊಂದೂ ಸ್ವಲ್ಪ ಸ್ವಲ್ಪ ಹಿಡಿದುಕೊಂಡು. ಮುಗಿದ ಮೇಲೆ ಅವನ್ನು ಮುಚ್ಚುವ ಕೆಲಸ ಆ ಪ್ರೋಗ್ರಾಂ ಬರೆದವರದ್ದು. ಕೀಲಿಮಣೆಯ ಮುಂದೆ ಕೂತವಳದ್ದಲ್ಲ.

ಯಜಮಾನರು ಕೆಟ್ಟವರಲ್ಲ. ಬೆಳೆಗಾರರ ದುಡ್ಡನ್ನು ಒಂದು ದಿನವೂ ತಡ ಮಾಡುವವರಲ್ಲ. ಎಲ್ಲ ತೋರಿಸಿದಾಗ “ಹಂಗಾರೆ ಸರಿ ಮಾಡ್ಸಿ” ಎಂದರು. ಅವಳಿಗೆ ಮಾತ್ರ ಒಂದು ಮಾತೂ ಹೇಳಲಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿ. ಎಲ್ಲರೆದುರು ಬೈದಿದ್ದನ್ನು ಎಲ್ಲರೆದುರೇ ಹಿಂದೆ ತೆಗೆದುಕೊಳ್ಳಬೇಕಿತ್ತು.

ಕರ್ನಲ್ ತನ್ನ ಸಂದೇಶಗಳನ್ನು ಮೊದಲು ಇಡುವುದು ಮೆಮೊರಿಯಲ್ಲೇ, ನಿಗದಿತ ಜಾಗದಲ್ಲಿ. ತುಂಬಿದರೆ ಹಳೆಯದರ ಮೇಲೆ ಹೊಸತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗುವ ಪರಿ ಗೊತ್ತಲ್ಲ, ಯಂತ್ರ ಆರಿದರೆ ಅಷ್ಟೂ ಮಾಯ. ಇಲ್ಲಿ ಆ ಸಂದೇಶಗಳನ್ನು ಕೂಡಿಡುವ ಜರ್ನಲ್ ಡಿಸ್ಕಿಗೆ ಬರೆಯುವಂತೆ ಯಾರೋ ಮುಂಚೆಯೇ ಮಾಡಿಟ್ಟಿದ್ದರು. ಹಾಗಿಲ್ಲದಿದ್ದರೆ ಅವಳ ಪರವಾಗಿ ಸಾಕ್ಷಿಯೇ ಇರುತ್ತಿರಲಿಲ್ಲ. ಒಬ್ಬಳು ‘ನಾನು ಒತ್ತಲಿಲ್ಲ’ ಎಂದರೆ ನಂಬುವುದಕ್ಕೆ ಯಂತ್ರದ ಸಾಕ್ಷಿ ಬೇಕೇ ಎಂಬುದು ನನ್ನನ್ನು ರಾತ್ರಿಯೂ ಬಿಡಲಿಲ್ಲ. ಅವಳು ಅದನ್ನೇ ಎಷ್ಟು ಸಲ ಹೇಳಿರಬೇಕು!

ಹೊರಡುವಾಗ ಅವಳೇ ಕೇಳಿದಳು: “ಅಣ್ಣ, ನನಗಿಂತ ಮುಂಚೆ ಇದ್ದ ಹುಡುಗನ್ನೂ ಇದೇ ಕಾರಣಕ್ಕೆ ಬಿಡ್ಸಿದ್ರಂತೆ. ಆಗಿನದೂ ಅದ್ರಲ್ಲಿ ಸಿಗ್ತದಾ?”

ಹುಡುಕಿದೆ, ಸಿಕ್ಕಿತು. ಅವನಿದ್ದ ತಿಂಗಳುಗಳಲ್ಲೂ ಅದೇ ಸಾಲು, ಅದೇ ಸಂಜೆಯ ಹೊತ್ತು. ಯಜಮಾನರಿಗೆ ಅದನ್ನೂ ತೋರಿಸಿ ಅವನ ನಂಬರ್ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬರೆದುಕೊಟ್ಟರು.